ಕೂಗದ ಗಾಡಿ

ಗುಲಾಬಿ ಅತ್ತರಿನ ವಾಸನೆ, ಅದರಡಿ ಹಳೆಯ ಸಿಗರೇಟು, ಮಾರುವವನು ಬೆಳಿಗ್ಗೆಯೇ ಸೀಟಿಗೆಲ್ಲ ಸಿಂಪಡಿಸಿರಬೇಕು, ಯಾರೋ ಇಲ್ಲಿ ಎಷ್ಟೋ ಕಾಲ ಕೂತು ಎದ್ದುಹೋಗಿದ್ದಾರೆ, ಎದ್ದೇ ಹೋದರೋ ಇಲ್ಲವೋ — ಬೇಡ, ಆ ಕಡೆ ಹೋಗಬೇಡ ವಸ್ಮಿಯಾ, ಹೊರಗೆ ನೋಡು, ಹಾಯಿಲ್‌ನ ಹಳೇ ಗಾಡಿಗಳ ಪೇಟೆ ಹಿಂದೆ ಸರಿಯುತ್ತಿದೆ, ಧೂಳು ಹೊದ್ದ ಬಾನೆಟ್ಟುಗಳು, ನೆರಳಿಲ್ಲದ ಗೋಡೆ, ಮುಂದೆ ಸ್ಟೀರಿಂಗ್ ಹಿಡಿದ ನನ್ನ ಮಗ ಸತ್ತಾಮನ ಕುತ್ತಿಗೆ, ನಿನ್ನೆಯ ಕ್ಷೌರದ ಬಿಳಿ ಗೆರೆ ಇನ್ನೂ ಬಿಸಿಲು ಕಂಡಿಲ್ಲ, ಇಷ್ಟು ಸಣ್ಣ ಕುತ್ತಿಗೆ ಇವನದು ಎಂದು ನನಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಮಾರುವವನು, ಅಬು ದಖೀಲ್, ಬಾಯಿಗೆ ಬಿಡುವಿಲ್ಲ, ಮದುಮಗಳ ಹಾಗೆ ಇಟ್ಕೊಂಡಿದ್ರು ಈ ಗಾಡೀನ, ಸತ್ತಾಮನ ತಾಯಿ, ಒಬ್ಬ ಮೇಷ್ಟ್ರು ಓಡಿಸ್ತಿದ್ದದ್ದು, ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ. ನಿಮ್ಮತ್ರ ಇರೋ ಗಾಡಿಗಳನ್ನೆಲ್ಲ ಮೇಷ್ಟ್ರುಗಳೇ ಓಡಿಸಿದಾರೆ ಮಾಮ, ಈ ಊರಲ್ಲಿ ಮಕ್ಕಳಿಗಿಂತ ಮೇಷ್ಟ್ರೇ ಜಾಸ್ತಿ ಅನ್ಸುತ್ತೆ, ಎಂದ ಸತ್ತಾಮ. ನಗುತ್ತಾರೆ ಇಬ್ಬರೂ, ನಗುವಾಗ ಹುಡುಗ ರಸ್ತೆ ಬಿಟ್ಟು ಅವನ ಮುಖ ನೋಡಿದ, ಒಂದು ಕ್ಷಣ, ಒಂದು ಕ್ಷಣವೇ ಸಾಕು, ನನ್ನ ಎದೆಯ ಮೇಲಿನ ಸೀಟ್ ಬೆಲ್ಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೇನೆ, ಬೆವರಿಗೆ ಒದ್ದೆಯಾಗಿದೆ. ಮುಂದಿನ ವಾರದಿಂದ ದೂರದ ಬುರೈದಾದ ಕಾಲೇಜು, ಪ್ರತಿ ಗುರುವಾರ ಮನೆಗೆ ಬರ್ತೀನಮ್ಮಾ, ನಿನ್ನ ಕೈ ಕಬ್ಸಾ ಅನ್ನ ತಿನ್ನೋಕೆ, ಎಂದು ಸಂಭ್ರಮದಿಂದ ಹೇಳುತ್ತಾನೆ, ಪ್ರತಿ ಗುರುವಾರ ಸಂಜೆ ಆ ರಸ್ತೆ, ಅವನ ಅಪ್ಪ ಗಡಿಯ ಠಾಣೆಯಿಂದ ಫೋನಿನಲ್ಲಿ ಅಂದಿದ್ದರು, ಯಾವ ಗಾಡೀಲಿ ಅವನನ್ನ ಕಳಿಸಿದ್ರೆ ನಿನಗೆ ನಿದ್ದೆ ಬರುತ್ತೋ ಅದನ್ನ ತಗೊ, ನೀನು ಹೂಂ ಅನ್ನೋ ತನಕ ನಾನು ಹೂಂ ಅನ್ನಲ್ಲ. ಎಷ್ಟು ಸುಲಭವಾಗಿ ಹೇಳಿಬಿಟ್ಟರು. ನನ್ನ ಹೂಂ ಎಂಬ ಒಂದು ಮಾತಿನ ಮೇಲೆ ಅವನನ್ನು ಕೂರಿಸಿ ಕಳಿಸಬೇಕು.

ಮೊದಲು ತೋರಿಸಿದ್ದು ತಗ್ಗಿನ ಬಿಳಿ ಗಾಡಿ, ತಗ್ಗಿನ ಗಾಡಿ ಒಂಟೆಯ ಕಾಲಿಗೆ ಬಡಿಯುತ್ತದೆ, ಕಾಲು ಹೋದ ಒಂಟೆ ಗಾಜೊಡೆದು ಒಳಗೆ ಬರುತ್ತದೆ, ಇಡೀ ಒಂಟೆ, ಚಿಕ್ಕಮ್ಮನ ಮಗ ಮುಕ್ರಿನ್ ಹೋದದ್ದು ಹೀಗೆಯೇ, ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ, ಮರಳಿನ ಬಣ್ಣದ ಪ್ರಾಣಿ ಮರಳಿನ ಬಣ್ಣದ ಬೆಳಕಿನಲ್ಲಿ ನಿಂತಿತ್ತಂತೆ, ಚಿಕ್ಕಮ್ಮ ಈಗಲೂ ಆ ರಸ್ತೆಯ ಹೆಸರು ಎತ್ತುವುದಿಲ್ಲ, ಯಾರಾದರೂ ಎತ್ತಿದರೆ ಎದ್ದು ಒಳಗೆ ಹೋಗಿ ಏನನ್ನೋ ಹುಡುಕುತ್ತಾಳೆ. ಹಾಗಾದ್ರೆ ಎತ್ತರದ್ದು ತಗೊಳ್ಳಿ ತಾಯಿ, ಒಂಟೆಗೇ ಇದನ್ನ ಕಂಡ್ರೆ ಭಯ, ಎಂದು ಜೀಪಿಗೆ ತಟ್ಟಿದ ಅಬು ದಖೀಲ್, ಆದರೆ ಎತ್ತರದ ಗಾಡಿ ಕೈಗೆ ಬಂದ ಹುಡುಗ ಮರಳ ದಿಬ್ಬ ಏರದೇ ಇರುತ್ತಾನೆಯೇ, ಏರುವವನಿಗೆ ದಿಬ್ಬದ ಆ ಬದಿ ಕಾಣುವುದಿಲ್ಲ, ಮಗುಚಿದ ಜೀಪಿನ ಚಕ್ರ ಗಾಳಿಯಲ್ಲಿ ತಿರುಗುತ್ತಲೇ — ಯಾವ ಗಾಡಿಯ ಬಾಗಿಲು ತೆಗೆದರೂ ಒಳಗೆ ಒಂದು ಸಾವು ಮೊದಲೇ ಕೂತಿದೆ. ಇದೊಂದರಲ್ಲಿ ಮಾತ್ರ ಕಾಣಲಿಲ್ಲ, ಈ ಬೂದು ಬಣ್ಣದ್ದು, ಎತ್ತರವೂ ಅಲ್ಲ ತಗ್ಗೂ ಅಲ್ಲ, ಹೊರಟಾಗಿನಿಂದ ಒಂದು ಸದ್ದಿಲ್ಲ, ನಮ್ಮ ಮನೆಯ ಗಾಡಿಯಂತೆ ಗದರುವುದಿಲ್ಲ, ಈ ಮೌನ ನನಗೆ ಹಿಡಿಸಿತು, ಹೂಂ ಎನ್ನೋಣ ಎಂದು ಬಾಯಿ ತೆರೆದೆ, ಆಗಲೇ ಅವನ ಭುಜದ ಪಕ್ಕ, ಬಾಗಿಲ ಕಂಬದಲ್ಲಿ, ಪಟ್ಟಿ ನೆಟ್ಟಗೆ ನೇತಾಡುತ್ತಿರುವುದು ಕಾಣಿಸಿತು.

ಕಟ್ಟಿಕೊಂಡಿಲ್ಲ. ಕಟ್ಟಿಕೊಳ್ಳದಿದ್ದರೆ ಗಾಡಿ ಕೂಗಬೇಕು, ಮನೆಯದು ಕಟ್ಟುವ ತನಕ ಕೂಗುತ್ತದೆ, ಇದೇಕೆ ಸುಮ್ಮನಿದೆ, ಮುಂದಕ್ಕೆ ಬಾಗಿ ಇಣುಕುತ್ತೇನೆ, ಅಬು ದಖೀಲ್ ತನ್ನ ಪಟ್ಟಿಯನ್ನು ಬೆನ್ನ ಹಿಂದಿನಿಂದ ಸಿಕ್ಕಿಸಿ ಅದಕ್ಕೇ ಒರಗಿದ್ದಾನೆ, ಮಗನ ಬದಿಯ ಕೊಂಡಿಯಲ್ಲಿ ಒಂದು ಉಕ್ಕಿನ ನಾಲಿಗೆ, ಬರೀ ನಾಲಿಗೆ, ಪಟ್ಟಿಯಿಲ್ಲ. ಏನದು. ಅದಾ, ಗಾಡಿ ಬಾಯಿ ಮುಚ್ಚಿಸೋಕೆ ತಾಯಿ, ಇಲ್ದಿದ್ರೆ ಕಿವಿ ತಿಂದುಬಿಡುತ್ತೆ, ಚಾರ್ಜರ್ ಮಾರೋ ಅಂಗಡೀಲೆಲ್ಲ ಸಿಗುತ್ತೆ, ಇರಲಿ ನಿಮಗೆ, ಗಾಡಿ ಜೊತೆ ಉಡುಗೊರೆ. ಎಲ್ರೂ ಹಾಕ್ತಾರಮ್ಮಾ, ಹೆದರಬೇಡ, ಎಂದ ಸತ್ತಾಮ. ಗಾಡಿ ನಂಬಿಕೊಂಡಿದೆ, ಯಾರೋ ಬಿಗಿಯಾಗಿ ಕಟ್ಟಿಕೊಂಡು ಕೂತಿದ್ದಾರೆಂದು, ನಾನೂ ನಂಬಿದ್ದೆ, ಕೈ ತಾನಾಗಿ ಮುಂದೆ ಹೋಯಿತು, ಕೆಂಪು ಗುಂಡಿ ಒತ್ತಿತು, ಉಕ್ಕು ಬಿಸಿಯಾಗಿ ನನ್ನ ಮುಷ್ಟಿಗೆ ಬಂತು, ಗಾಡಿ ಕೂಗತೊಡಗಿತು. ಅಯ್ಯೋ ಅಮ್ಮಾ, ಕೊಡು ಇತ್ಲಾಗೆ, ತಲೆ ಚಿಟ್ಟುಹಿಡಿಯುತ್ತೆ. ಇದೇ ಗಾಡಿ, ಎಂದೆನೇ ನಾನು, ನನ್ನ ದನಿಯೇ ಅದು, ಇದೇ ಇರಲಿ, ಇದಕ್ಕೆ ಬಾಯಿದೆ, ನಾನಿಲ್ಲದ ಕಡೆಯೂ ಕೂಗುತ್ತದೆ — ಆದರೆ ಚಾರ್ಜರ್ ಅಂಗಡಿಗಳು, ಬುರೈದಾದಲ್ಲೂ ಇರುತ್ತವಲ್ಲ, ಎಷ್ಟೊಂದು ಇರುತ್ತವೆ. ಕಟ್ಟಿಕೋ ಮೊದಲು. ಕಟ್ಕೋತೀನಿ, ಅದನ್ನ ಕೊಡು ಮೊದಲು. ಗಾಡಿ ಪೇಟೆಯ ಬಾಗಿಲು ದಾಟಿತು, ಹೆದ್ದಾರಿ, ಲಾರಿಯೊಂದು ಗಾಳಿ ಬೀಸಿ ಹೋಯಿತು, ಎಡಗೈ ಒಂದೇ ಸ್ಟೀರಿಂಗಿನ ಮೇಲೆ, ಬಲಗೈ ಸೀಟುಗಳ ನಡುವಿನಿಂದ ನನ್ನತ್ತ ಚಾಚಿದೆ, ಅಂಗೈ ಮೇಲಾಗಿ, ಬೆರಳು ಮಡಚಿ ಬಿಚ್ಚಿ ಕೇಳುತ್ತಿದೆ, ಗಾಡಿ ಕೂಗುತ್ತಿದೆ, ಪಟ್ಟಿ ನೇತಾಡುತ್ತಿದೆ, ಅಂಗೈ, ಅವನು ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದಾನೆ, ರಸ್ತೆಯನ್ನಲ್ಲ, ನನ್ನನ್ನು, ಅಂಗೈ, ಇನ್ನೂ ಗೆರೆ ಬಲಿಯದ ಅಂಗೈ, ತೆರೆದೇ ಇದೆ