ಕೇಳಿದೆ, ಒಪ್ಪಿಗೆಯಿದೆ

ಪೋರ್ಟ್ ಆಫ್ ಸ್ಪೇನ್‌ನ ಚರಂಡಿ ಇಲಾಖೆಯಲ್ಲಿ ಇಪ್ಪತ್ಮೂರು ವರ್ಷ ಫೋನೆತ್ತಿದ ಐಯೋನಾ ಕ್ವಾಮಿನಾಗೆ ಇನ್ನು ಎರಡೇ ದಿನದ ಕೆಲಸ ಉಳಿದಿತ್ತು. ಅವಳ ಕೆಲಸವನ್ನು ಇನ್ನು ಯಂತ್ರವೇ ಮಾಡುತ್ತದೆಂದು ನಿರ್ದೇಶಕ ಸೂಕ್ರಾಮ್ ಸಹಿ ಹಾಕಿದ ಆದೇಶ ಅವಳ ಕೈಚೀಲದಲ್ಲಿತ್ತು. ಪಿಂಚಣಿಗೆ ಎರಡು ವರ್ಷ ಬಾಕಿ. ಅದು ನೆನಪಾದಾಗಲೆಲ್ಲ ಅವಳಿಗೆ ಊಟ ಸೇರುತ್ತಿರಲಿಲ್ಲ.

ಯಂತ್ರವೇನೋ ತಿಂಗಳ ಹಿಂದೆಯೇ ಬಂದಿತ್ತು. ಜನ ಫೋನಿನಲ್ಲಿ ಹೇಳಿದ್ದನ್ನು ಅದು ದನಿಯ ಫೈಲು ಮಾಡಿ ಅಧಿಕಾರಿಗಳ ಮೊಬೈಲಿಗೆ ಇಮೇಲ್ ಕಳಿಸುತ್ತಿತ್ತು. ಉದ್ಘಾಟನೆಯ ದಿನ ಸೂಕ್ರಾಮ್ ಸಾಹೇಬರು ಹೊಸ ಟೈ ಕಟ್ಟಿಕೊಂಡು, "ಇನ್ನು ಇಡೀ ಇಲಾಖೆ ನನ್ನ ಜೇಬಿನಲ್ಲಿ" ಎಂದು ಫೋನು ಎತ್ತಿ ತೋರಿಸಿದ್ದರು. ಚಪ್ಪಾಳೆ ಬಿತ್ತು. ಸಂಜೆ ಮೊದಲ ಸಂದೇಶ ಒತ್ತಿದರೆ ಫೋನು, "ಈ ಬಗೆಯ ಫೈಲು ತೆರೆಯಲಾಗದು" ಎಂದಿತು.

ಫೈಲು ಆದಷ್ಟು ಚಿಕ್ಕದಿರಬೇಕೆಂದು ಟೆಂಡರಿನಲ್ಲಿ ಬರೆದವರು ಸ್ವತಃ ಸಾಹೇಬರೇ. ಅದಕ್ಕೆಂದು ಆರಿಸಿದ, ದನಿಯನ್ನು ಹಿಂಡಿ ಕುಗ್ಗಿಸಿದ ಆ ಬಗೆಯ ವೇವ್ ಫೈಲು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಮಾತ್ರ ಬಾಯಿ ಬಿಡುತ್ತಿತ್ತು. ಯಂತ್ರ ಕೂರಿಸಿದ ಡೆಕ್ಸ್ಟರ್, ಎಲ್ಲ ಫೋನಿನಲ್ಲೂ ಕೇಳಿಸುವ ಎಂಪಿತ್ರೀಗೆ ಬದಲಿಸುವುದು ಒಂದು ನಿಮಿಷದ ಕೆಲಸ, ಆದರೆ ಈಗಿನದು ಕೇಳಿಸುತ್ತಿಲ್ಲ ಎಂದು ಯಾರಾದರೂ ಬರೆದುಕೊಡಬೇಕು ಎಂದ. ಬರೆದುಕೊಡುವವರು ಯಾರು? ಸಾಹೇಬರು ಬಂದ ಪ್ರತಿ ಇಮೇಲಿಗೂ "ಕೇಳಿದೆ. ಒಪ್ಪಿಗೆಯಿದೆ. ತಕ್ಷಣ ಕ್ರಮ ಕೈಗೊಳ್ಳಲಾಗುವುದು" ಎಂದು ಉತ್ತರಿಸತೊಡಗಿದರು; ಯಂತ್ರ ಅದನ್ನು ಫೋನು ಮಾಡಿದವರಿಗೆ ಮೆಸೇಜಾಗಿ ತಲುಪಿಸುತ್ತಿತ್ತು. ಸಾಹೇಬರಿಗೆ ಕೇಳಿಸಿದ್ದು ತಮಗೆ ಕೇಳಿಸಲಿಲ್ಲ ಎನ್ನಲು ಕೆಳಗಿನವರಿಗೇನು ತಲೆ ಕೆಟ್ಟಿದೆಯೇ? ಅವರೂ ಅದನ್ನೇ ಬರೆದರು. ಚರಂಡಿಗಳು ಕಟ್ಟಿಕೊಂಡೇ ಇದ್ದವು.

ಗುರುವಾರ ಸಾಹೇಬರು ಐಯೋನಾಳನ್ನು ಕರೆಸಿ ಬಾಗಿಲು ಮುಚ್ಚಿದರು.

"ಮಿಸ್ ಐಯೋನಾ, ನಿಮ್ಮ ಕಂಪ್ಯೂಟರಲ್ಲಿ ಇವು ಮಾತಾಡ್ತಾವಂತೆ?"

"ಮಾತಾಡ್ತಾವೆ ಸಾರ್. ನಿಮ್ಮ ಫೋನಲ್ಲಿ?"

"ಇದ್ರಲ್ಲೂ ಮಾತಾಡ್ತಾವೆ. ಬ್ಯಾಟರಿ ಸ್ವಲ್ಪ ವೀಕು ಅಷ್ಟೆ. ಹೋಗೋ ಮುಂಚೆ ಎಲ್ಲಾ ಕೇಳಿ ಒಂದು ಪಟ್ಟಿ ಮಾಡ್ಕೊಟ್ಬಿಡಿ."

ತನ್ನನ್ನು ಓಡಿಸುವ ಯಂತ್ರದ ಚಾಕರಿ ತನ್ನ ಕೈಯಲ್ಲೇ! ಐಯೋನಾ ಬಾಗಿಲನ್ನು ಜೋರಾಗಿ ಎಳೆದುಕೊಂಡು ತನ್ನ ಮೇಜಿಗೆ ಬಂದಳು. ಆದರೂ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಳು.

ಬೆಲ್ಮಾಂಟಿನ ಅಜ್ಜಿಯೊಬ್ಬಳು ನಾಲ್ಕು ಸಲ ಫೋನು ಮಾಡಿ, ಮೋರಿ ಉಕ್ಕಿ ಅಡುಗೆಮನೆಗೆ ಕಪ್ಪೆ ಬಂದಿದೆ ಎಂದಿದ್ದಳು. ಕೆಳಗೆ ಸಾಹೇಬರ ಉತ್ತರವೂ ಇತ್ತು: ಕಪ್ಪೆಗೂ ಒಪ್ಪಿಗೆ ಸಿಕ್ಕಿತ್ತು. "ನೀವೆಲ್ಲ ಹಾಳಾಗಿ ಹೋಗ್ರೋ" ಎಂದು ಶಪಿಸಿದವನಿಗೂ ತಕ್ಷಣ ಕ್ರಮದ ಭರವಸೆ ಹೋಗಿತ್ತು. ಐಯೋನಾ ಬಾಯಿಗೆ ಕರವಸ್ತ್ರ ಒತ್ತಿ ನಕ್ಕಳು.

ಆಮೇಲೆ ಬಂದ ದನಿ ಕೇಳಿ ನೆಟ್ಟಗೆ ಕೂತಳು. ಸಾಹೇಬರಿಗೂ ಮೇಲಿನವರಾದ ಕಾರ್ಯದರ್ಶಿ ಮೇಡಂ ಲೆಝಾಮಾ, ಮೂರು ವಾರದ ಹಿಂದೆ ಮಾತಾಡಿದ್ದು.

"ಸೂಕ್ರಾಮ್, ನಿಮ್ಗೆ ಫೋನ್ ಮಾಡಿದ್ರೆ ಗೋಡೆ ಜೊತೆ ಮಾತಾಡ್ದಂಗೆ ನಿಮ್ಮ ಯಂತ್ರದ ಜೊತೆ ಮಾತಾಡ್ಬೇಕು. ಐಯೋನಾನ ತೆಗೀಬೇಡಿ. ಆ ಆದೇಶ ವಾಪಸ್ ತಗೊಳ್ಳಿ. ಆಗಲ್ಲ ಅನ್ನೋದಾದ್ರೆ ಬರೆದು ತಿಳಿಸಿ."

ಸಾಹೇಬರು ಎರಡೇ ನಿಮಿಷದಲ್ಲಿ ಬರೆದು ತಿಳಿಸಿದ್ದರು. ಕೇಳಿದೆ. ಒಪ್ಪಿಗೆಯಿದೆ. ಮೇಡಂ ಅದನ್ನು ನಂಬಿ ಸುಮ್ಮನಾಗಿದ್ದರು.

ಐಯೋನಾ ಮತ್ತೊಮ್ಮೆ ಕೇಳಿದಳು. ಕಣ್ಣು ತುಂಬಿ ಬಂತು. ಮೇಡಂ ಮಾತನ್ನು ಅಕ್ಷರ ಬಿಡದೆ ಬೆರಳಚ್ಚಿಸಿ, ಉತ್ತರವನ್ನೂ ಅದರಡಿ ಸೇರಿಸಿ, ಪ್ರಿಂಟ್ ತೆಗೆದು, ಪಟ್ಟಿಯನ್ನೂ ಕೈಚೀಲದ ಆದೇಶವನ್ನೂ ಹಿಡಿದು ಸಾಹೇಬರ ಕೋಣೆಗೆ ಹೋದಳು.

"ಏನ್ರೀ ಇದು?"

"ಮೇಡಂ ಹೇಳಿದ್ದು ಮೇಲೆ, ನೀವು ಒಪ್ಪಿದ್ದು ಕೆಳಗೆ ಸಾರ್."

ಓದುತ್ತಿದ್ದಂತೆ ಸಾಹೇಬರ ಮುಖ ಬಿಳಿಚಿಕೊಂಡಿತು. "ಇದನ್ನ ನಾನು..."

"ಕೇಳಿಲ್ವಾ ಸಾರ್? ಹಾಗಾದ್ರೆ ಅದನ್ನೇ ಬರೆದುಕೊಡಿ. ಡೆಕ್ಸ್ಟರ್ ಆ ಕಾಗದಕ್ಕೇ ಕಾಯ್ತಿದಾನೆ."

ಸಾಹೇಬರು ಫೋನನ್ನು ನೋಡಿದರು, ಬಾಗಿಲನ್ನು ನೋಡಿದರು.

"ಕೇಳದೆ ಏನು! ಕೇಳಿದ್ದೆ. ಗಡಿಬಿಡೀಲಿ ಮರ್ತೋಗಿತ್ತು. ಎಲ್ಲಿ, ಆ ಆದೇಶ ಕೊಡಿ ಇಲ್ಲಿ."

ಅವಳ ಎದುರಿಗೇ ಅದನ್ನು ಹರಿದು ಹಾಕಿದರು. ಐಯೋನಾ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. "ಮೊದಲು ಕಪ್ಪೆ ಅಜ್ಜಿ ಮನೆಗೆ ಆಳು ಕಳಿಸಿ ಸಾರ್."

ಹೊರಗೆ ಫೋನು ಬಡಿದುಕೊಳ್ಳುತ್ತಿತ್ತು. ಯಂತ್ರ ಬಾಯಿ ಹಾಕುವ ಮೊದಲೇ ಅವಳು ಓಡಿ ಎತ್ತಿದಳು.

"ಚರಂಡಿ ಇಲಾಖೆ, ಹೇಳಿ."

ಆ ಕಡೆಯವರು, "ಅಯ್ಯೋ, ಮನುಷ್ಯರಾ?" ಎಂದರು.