ತಾಮ್ರದ ತಂತಿ ಕಟ್ಟಿದ ಕರಡಿಗೆ

ಪಾರ್ಸಲ್ ಬಂದಾಗ ದೌಲತರಾಯರು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ ದೇವರ ಕೋಣೆಯಲ್ಲಿ ಕುಳಿತಿದ್ದರು. ಸೊಸೆ ಬಸವೇಶ್ವರಿ ಅದನ್ನು ತಂದು ಕೋಣೆಯ ಹೊಸ್ತಿಲ ಮೇಲಿಟ್ಟು ಮೆಲ್ಲಗೆ ಹೇಳಿದಳು:

"ಮಾವಾರೀ, ಸ್ವಲ್ಪ ತಡೀರಿ. ಬಿಚ್ಚೂದು ವಿಡಿಯೊ ಮಾಡಬೇಕಂತ. ಫೋನ್ ಚಾರ್ಜಿಗಿ ಹಾಕೇನಿ, ತರ್ತೇನಿ."

ದೌಲತರಾಯರು ಸೊಸೆಯೊಡನೆ ಮಾತು ಬಿಟ್ಟು ಬಹಳ ದಿನಗಳಾಗಿದ್ದವು. ನೀರು ಬೇಕಾದರೆ ಗೋಡೆಗೆ ಹೇಳುತ್ತಿದ್ದರು, ಊಟ ಸಾಕಾದರೆ ಕಂಬಕ್ಕೆ ಹೇಳುತ್ತಿದ್ದರು. ತೀರಿಹೋದ ಹೆಂಡತಿ ಕಸ್ತೂರಿಬಾಯಿಯ ವಸ್ತು ಮನೆಗೆ ಮರಳುವ ಹೊತ್ತಿಗೆ ಅದರ ಮುಂದೆ ಫೋನ್ ಹಿಡಿಯುವುದೆಂದರೆ ಅವರಿಗೆ ಚಪ್ಪಲಿ ಮೆಟ್ಟಿಕೊಂಡು ಪೂಜೆಗೆ ಕುಳಿತಂತೆ. ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು "ಶಿವಾ" ಎಂದು ಹರಿದೇಬಿಟ್ಟರು.

ಒಳಗಿದ್ದ ಕರಡಿಗೆ ಕಸ್ತೂರಿಬಾಯಿಯದಾಗಿರಲಿಲ್ಲ.

ಕರಡಿಗೆಯೆಂದರೆ ಕೊರಳಲ್ಲಿ ಧರಿಸುವ ಇಷ್ಟಲಿಂಗವನ್ನು ಇಡುವ ಬೆಳ್ಳಿಯ ಭರಣಿ. ಕಸ್ತೂರಿಬಾಯಿ ಮದುವೆಯಾಗಿ ಆಳಂದಕ್ಕೆ ಬಂದ ದಿನದಿಂದ ಒಂದೇ ಕರಡಿಗೆಯನ್ನು ಧರಿಸಿದ್ದಳು. ದಾರ ಪೋಣಿಸುವ ಅದರ ಕಿವಿಯೊಂದು ಮುರಿದಾಗ ತಾನೇ ತಾಮ್ರದ ತಂತಿ ಸುತ್ತಿ ಸರಿಮಾಡಿಕೊಂಡಿದ್ದಳು. ಮಣ್ಣು ಮಾಡುವಾಗ ಲಿಂಗವನ್ನು ಆಕೆಯ ಅಂಗೈಯಲ್ಲಿಟ್ಟರು. ಬರಿದಾದ ಕರಡಿಗೆಯನ್ನು ನೆಂಟರಲ್ಲಿ ಯಾರೋ ಹಳೆಯ ಬೆಳ್ಳಿಯ ಗಂಟಿನಲ್ಲಿ ಕಟ್ಟಿಟ್ಟರು. ಅತ್ತೆಯ ಭಾವಚಿತ್ರದ ಮುಂದೆ ಹಚ್ಚಲು ಬೆಳ್ಳಿಯ ದೀಪವಾಗಲಿ ಎಂದು ಬಸವೇಶ್ವರಿ ಆ ಗಂಟನ್ನು ಬಿಚ್ಚಿ ನೋಡದೆ ಬೆಳ್ಳಿಯ ಅಂಗಡಿಗೆ ಕೊಟ್ಟು ಬಂದಳು; ಮಾವ ಮಾತು ಬಿಟ್ಟದ್ದು ಅಂದಿನಿಂದಲೇ. ಅಂಗಡಿಯವನು ಅದನ್ನು ಹಳೆಯ ಸಾಮಾನು ಕೊಳ್ಳುತ್ತ ಊರೂರು ತಿರುಗುವ ವ್ಯಾಪಾರಿಗೆ ಮಾರಿದ; ವ್ಯಾಪಾರಿಯ ಹೆಸರು ಅವನಿಗೆ ತಿಳಿದಿರಲಿಲ್ಲ, ಫೋನಿನಲ್ಲಿ ಹರಾಜು ಹಾಕುವವನು ಎಂದಷ್ಟೇ ಹೇಳಿದ. ಬಸವೇಶ್ವರಿ ಹರಾಜಿನ ಆ್ಯಪಿನಲ್ಲಿ ದಿನವೂ ಹುಡುಕಿ, ಕೊನೆಗೊಮ್ಮೆ ಚಿತ್ರದಲ್ಲಿ ಆ ತಾಮ್ರದ ತಂತಿಯನ್ನು ಕಂಡು ಅತ್ತಿದ್ದಳು. ಪರ ಊರಿನವರ ಜೊತೆ ಪೈಪೋಟಿಗೆ ಬಿದ್ದು ಕೂಗಿ, ಗೆದ್ದಿದ್ದಳು.

ಈಗ ಬಂದದ್ದು ನುಣುಪಾದ ಬೇರೊಂದು ಕರಡಿಗೆ. ಕಿವಿ ಎರಡೂ ಗಟ್ಟಿಯಾಗಿದ್ದವು.

ಕಸ್ಟಮರ್ ಕೇರಿಗೆ ಫೋನ್ ಹಚ್ಚಿದರೆ ಮೊದಲು ಸಂಗೀತ, ಆಮೇಲೆ ಹಿಂದಿ, ಆಮೇಲೆ ಮತ್ತೆ ಸಂಗೀತ. ಕಡೆಗೊಬ್ಬ ಹುಡುಗ ಓದಿದಂತೆ ಮಾತನಾಡಿದ.

"ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಸರ್. ಪಾರ್ಸಲ್ ತೆರೆಯುವ ವಿಡಿಯೊ ಇದೆಯೇ?"

"ಇಲ್ಲಪ್ಪಾ. ಆದ್ರ ವಸ್ತು ನನ್ನ ಕೈಯಾಗ ಅದ, ಫೋಟೊ ನಿಮ್ಮ ಹಂತ್ಯಾಕ ಅದ. ಎರಡೂ ಬ್ಯಾರೆ ಬ್ಯಾರೆ. ಕಣ್ಣಿದ್ದವರಿಗಿ ಕಾಣ್ತದ."

"ವಿಡಿಯೊ ಇಲ್ಲದೆ ದೂರು ಸ್ವೀಕರಿಸಲಾಗುವುದಿಲ್ಲ ಸರ್. ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ."

"ನನ್ನ ಭಾವನಾ ಬಿಡೋ ತಮ್ಮಾ, ನನ್ನ ಕರಡಿಗಿ ಕೊಡೋ!"

ಫೋನ್ ಇಟ್ಟ ಕೂಡಲೇ, ದೂರು ಮುಕ್ತಾಯವಾಗಿದೆ, ನಮ್ಮ ಸೇವೆ ಹೇಗಿತ್ತು ಎಂದು ನಕ್ಷತ್ರಗಳು ಬಂದವು. ದೌಲತರಾಯರು ಕಂಬದತ್ತ ತಿರುಗಿ ಗುಡುಗಿದರು: "ಮಾರಿದಾತ ಮೋಸಗಾರ ಇದ್ದಾನ, ಕಳ್ಳ ಇದ್ದಾನ ಅಂತ ಬರೀಲಿ. ಎಲ್ಲಾರೂ ಓದಲಿ!"

ಕಂಬದ ಆಚೆ ನಿಂತಿದ್ದ ಬಸವೇಶ್ವರಿ ಆ್ಯಪಿನಲ್ಲಿ ಮಾರಿದವನ ಪುಟ ತೆರೆದು, ಒಂದೇ ನಕ್ಷತ್ರ ಒತ್ತಿ ಹಾಗೆಯೇ ಬರೆದಳು.

ಮರುದಿನ ಬೆಳಿಗ್ಗೆ ಮಾರಿದವನೇ ಫೋನ್ ಮಾಡಿದ. ಹೆಸರು ಮಸೂದ, ಊರು ಅಫಜಲಪುರ. ಎಲ್ಲಿಯೋ ದೂರದ ಶಹರದಲ್ಲಿರಬೇಕೆಂದುಕೊಂಡಿದ್ದವನು ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವಷ್ಟು ದೂರದಲ್ಲಿದ್ದ.

"ಏನ್ ಬರದೀರಿ ಕಾಕಾ ನೀವು? ಕಳ್ಳ ಅಂತ ಬರದೀರಿ! ಅದನ್ನ ನೋಡಿ ಆ್ಯಪಿನವರು ಇವತ್ತ ಸಂಜಿಗಿ ನನ್ನ ಖಾತೆ ಬಂದ್ ಮಾಡ್ತಾರ. ನಿಮ್ಮ ವಸ್ತು ಎಲ್ಲಿ ಹೋಗ್ಯದ ನನಗ ಗೊತ್ತದ. ಮೊದಲ ಅದನ್ನ ಅಳಸಿ ಐದು ಸ್ಟಾರ್ ಕೊಡ್ರಿ, ಆಮ್ಯಾಲ ಹೇಳ್ತೇನಿ. ಖಾತೆ ಬಂದ್ ಆಯ್ತಂದ್ರ ಗಿರಾಕಿಗಳ ವಿಳಾಸ ಎಲ್ಲಾ ಅದರಾಗೇ ಮುಚ್ಚಿ ಹೋಗ್ತಾವ. ನಂದೂ ಹೋಯ್ತು, ನಿಮ್ಮದೂ ಹೋಯ್ತು!"

ಮಗ ಗುರುಶಾಂತ ಕಡಗಂಚಿಗೆ ಕೆಲಸಕ್ಕೆ ಹೋಗಿಬಿಟ್ಟಿದ್ದ. ಅವನು ಬರುವುದರೊಳಗೆ ಸಂಜೆಯಾಗುತ್ತಿತ್ತು. ಆ ಬೇರೆ ಕರಡಿಗೆಯನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಮಾವ ಮುಂದೆ, ಸೊಸೆ ಹಿಂದೆ ಅಫಜಲಪುರದ ಬಸ್ಸು ಹತ್ತಿದರು. ಒಂದೇ ಸೀಟಿನಲ್ಲಿ ಕುಳಿತರೂ ಒಬ್ಬರು ಕಿಟಕಿ ನೋಡಿದರು, ಇನ್ನೊಬ್ಬರು ನೆಲ ನೋಡಿದರು.

ಮಸೂದನ ಅಂಗಡಿಯೆಂದರೆ ಮನೆಯ ಮುಂದಿನ ಖೋಲಿ. ಹಲಗೆಗಳ ಮೇಲೆ ಹಿತ್ತಾಳೆಯ ದೀಪದ ಸಮೆಗಳು, ಎಲೆ ಅಡಿಕೆ ಇಡುವ ಪಾನದಾನುಗಳು, ಕಿವಿಯಿಲ್ಲದ ಗಿಂಡಿಗಳು. ಅವನು ಫೋನನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಬಂದ್ರ್ಯಾ? ಅಳಸ್ರಿ ಮೊದಲ."

"ವಿಳಾಸ ಹೇಳು ಮೊದಲ," ಎಂದರು ದೌಲತರಾಯರು.

"ನಾ ಹೇಳಿದ ಮ್ಯಾಲ ನೀವು ಅಳಸಲಿಲ್ಲಂದ್ರ? ನಿಮ್ಮ ಕರಡಿಗಿ ಹೋದದ್ದು ಒಬ್ಬ ಅಕ್ಕಾರ ಮನಿಗಿ. ಅವರು ಐದು ಸ್ಟಾರ್ ಕೊಟ್ಟು ಚಂದ ಅದ ಅಂತ ಬರದಾರ. ನೀವು ಹೋಗಿ ಅದನ್ನ ಕೇಳಿದ್ರ ಅವರೂ ನನ್ನ ಮ್ಯಾಲ ಬರೀತಾರ. ಒಂದು ಕಲ್ಲು ಬಿದ್ದದ್ದಕ್ಕೇ ಅಂಗಡಿ ಮುಳಗಾಕತ್ತದ, ಎರಡನೇದು ನಾನೇ ಎತ್ತಿ ಹಾಕ್ಕೋಲ್ಯಾ?"

"ಬ್ಯಾರೇದವರ ವಸ್ತು ಬಂದದ, ಚಲೋ ಅದ ಅಂತ ನನ್ನ ಕೈಲೆ ಬರೆಸ್ತೀ ಏನು? ಕೊರಳಾಗ ಲಿಂಗ ಅದ ನಂದು. ಆಗಂಗಿಲ್ಲ."

"ಹಂಗಾದ್ರ ನನ್ನಿಂದಾನೂ ಆಗಂಗಿಲ್ಲ. ಆಳಂದ ಬಸ್ ಅಲ್ಲೇ ನಿಂದರ್ತದ, ಹೋಗ್ರಿ."

ಇಬ್ಬರೂ ಕದಲಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಒಳಗೆ ಸರಿಯುತ್ತಿತ್ತು. ಆಗ ಒಳಗಿನಿಂದ ದಪ್ಪ ಕನ್ನಡಕದ ಮುದುಕಿಯೊಬ್ಬಳು ಗೋಡೆ ಹಿಡಿದುಕೊಂಡು ಬಂದಳು. ಮಸೂದನ ತಾಯಿ ಪ್ಯಾರಿಬಿ.

"ಅಣ್ಣಾರೀ, ನನ್ನ ಮಗಂದು ತಪ್ಪಿಲ್ರಿ. ಎರಡೂ ಕರಡಿಗಿ ಒಂದೇ ದಿನ ಹೋಗಾವಿದ್ವು. ಡಬ್ಬಿ ಕಟ್ಟಿ ಚೀಟಿ ಹಚ್ಚಿದಾಕಿ ನಾ. ಕಣ್ಣಿನ ಮುಂದ ಮೋಡ ಬಂದಂಗ ಆಗ್ತದರಿ ನನಗ. ಅದರದು ಇದಕ್ಕ, ಇದರದು ಅದಕ್ಕ ಹಚ್ಚಿಬಿಟ್ಟೇನಿ. ಅಲ್ಲಾನ ಆಣಿ, ಇದರಾಗ ಕಳುವಿಲ್ಲ."

ದೌಲತರಾಯರು ಮುದುಕಿಯ ಮುಖ ನೋಡಿದರು. ಆಕೆ ಅವರನ್ನು ನೋಡುತ್ತಿದ್ದರೂ ದೃಷ್ಟಿ ಅವರ ಭುಜದ ಆಚೆಗೆ ಬೀಳುತ್ತಿತ್ತು. ಆಕೆ ಹೇಳಿದ್ದು ಸುಳ್ಳಲ್ಲವೆಂದು ಅವರಿಗೆ ಅನಿಸಿತು. ಸುಳ್ಳಲ್ಲವೆಂದ ಮೇಲೆ, ಸುಳ್ಳು ಯಾವುದು? ತಾವು ಬರೆಸಿದ ಮಾತು. ಅದು ಊರೂರಿನವರು ಓದುವಂತೆ ತೂಗಾಡುತ್ತಿತ್ತು. ವಿಳಾಸ ಸಿಕ್ಕರೂ ಸಿಗದಿದ್ದರೂ ಅದನ್ನು ತೆಗೆಯಬೇಕಾದದ್ದು ತಮ್ಮ ಕೆಲಸ.  ಕೈಯಲ್ಲಿದ್ದ ಒಂದೇ ಹಿಡಿತವನ್ನೂ ಬಿಡಬೇಕಾಗಿತ್ತು.

ಅವರು ಹಲಗೆಯ ಮೇಲಿನ ಗಿಂಡಿಯೊಂದಕ್ಕೆ ಹೇಳಿದರು: "ಕಳ್ಳ ಅಂತ ಬರದದ್ದು ತೆಗೀಲಿ. ತಪ್ಪಾಗ್ಯದ, ಮೋಸ ಅಲ್ಲ ಅಂತ ಬರೀಲಿ. ಐದು ಸ್ಟಾರ್ ಬ್ಯಾಡ. ತಪ್ಪಿಗಿ ಎಷ್ಟು ಸಲ್ತದೋ ಅಷ್ಟು ಕೊಡ್ಲಿ."

ಮಸೂದ ಸುತ್ತಲೂ ನೋಡಿದ. "ಯಾರಿಗಿ ಹೇಳಾಕತ್ತೀರಿ ಕಾಕಾ?"

ಬಸವೇಶ್ವರಿ ಫೋನ್ ತೆಗೆದು ಬರೆಯತೊಡಗಿದಳು. ಪ್ಯಾರಿಬಿಗೆ ಕಣ್ಣು ಕಾಣದಿದ್ದರೂ ಇದು ಕಂಡಿತು.

"ಸೊಸಿ ಕೂಡ ಮಾತು ಬಿಟ್ಟೀರೇನು ಅಣ್ಣಾರೀ? ಚಲೋ ಆಯ್ತು! ನಮ್ಮ ಅಂಗಡ್ಯಾಗಿನ ಗಿಂಡಿ ಕೂಡ ಮಾತಾಡ್ತೀರಿ, ಮನ್ಯಾಗಿನ ಮಗಳ ಕೂಡ ಇಲ್ಲ."

ದೌಲತರಾಯರು ತಲೆ ತಗ್ಗಿಸಿದರು. ಬಸವೇಶ್ವರಿ ಮೂರು ನಕ್ಷತ್ರ ಒತ್ತಿ ಫೋನನ್ನು ಮಸೂದನಿಗೆ ತೋರಿಸಿದಳು. ಪರದೆಯ ಮೇಲೆ ಬಿಳಿಯ ಚಕ್ರವೊಂದು ತಿರುಗಿತು, ತಿರುಗಿತು, ನಿಂತಿತು. 'ನಿಮ್ಮ ಬದಲಾವಣೆ ಪರಿಶೀಲನೆಯಲ್ಲಿದೆ.'

"ಪರಿಶೀಲನಿ ಅಂದ್ರ ನಾಳಿಗಿ," ಎಂದ ಮಸೂದ.  "ಖಾತೆ ಇವತ್ತೇ ಹೋಗ್ತದ."

ಅವನು ದೌಲತರಾಯರ ಮುಖ ನೋಡಿದ. ಅವರು ವಿಳಾಸ ಕೇಳಲಿಲ್ಲ.  ಮಸೂದ ಒಮ್ಮೆ ಹಲ್ಲು ಕಚ್ಚಿದವನೇ ತನ್ನ ಫೋನ್ ತೆರೆದ.

"ಬರ್ಕೊ ಅಕ್ಕಾ, ಲಗೂನ. ವಿದ್ಯಾವತಿ. ಜೇವರ್ಗಿ. ನಂಬರ್ ಹೇಳ್ತೇನಿ..."

ಬಸವೇಶ್ವರಿ ಅಂಗೈಯ ಮೇಲೆಯೇ ಪೆನ್ನಿನಿಂದ ಬರೆದುಕೊಂಡಳು.

"ಹೋಗ್ರಿ ಕಾಕಾ," ಎಂದ ಮಸೂದ. "ಖುದಾ ನೋಡ್ಕೋತಾನ."

ವಿದ್ಯಾವತಿಯ ಮನೆ ಜೇವರ್ಗಿಯ ಬಸ್ ನಿಲ್ದಾಣದಿಂದ ದೂರವಿರಲಿಲ್ಲ. ಆಕೆ ಶಾಲೆಯ ಶಿಕ್ಷಕಿ. ಫೋನಿನಲ್ಲಿ ವಿಷಯ ಕೇಳಿಯೇ ಸಿಟ್ಟಿಗೆದ್ದಿದ್ದಳು. ಬಾಗಿಲಲ್ಲಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಇದೇನು ಹೊಸಾ ನಮೂನಿ ಮೋಸ ಏನ್ರಿ? ಕೊಂಡ ವಸ್ತು ಮನಿತನ ಬಂದು ಇಸಕೊಂಡು ಹೋಗೂದು?"

ಆದರೂ ಅವರ ಹಣೆಯ ವಿಭೂತಿ ನೋಡಿ ಕುಳ್ಳಿರಿಸಿ ನೀರು ಕೊಟ್ಟಳು. ದೌಲತರಾಯರು ವಸ್ತ್ರ ಬಿಚ್ಚಿ, ಆಕೆಗೆ ಸೇರಬೇಕಾಗಿದ್ದ ಕರಡಿಗೆಯನ್ನು ಮುಂದಿಟ್ಟರು.

"ಇದು ನಿಮ್ಮದು ತಾಯೀ. ನಮ್ಮದಕ್ಕ ಒಂದು ಕಿವಿಗಿ ತಾಮ್ರದ ತಂತಿ ಸುತ್ತ್ಯದ. ಅದನ್ನ ಕೊಡ್ರಿ, ನಿಮ್ಮ ಉಪಕಾರ ಮರಿಯಂಗಿಲ್ಲ."

ವಿದ್ಯಾವತಿಯ ಮುಖ ಬದಲಾಯಿತು. ಒಳಗೆ ಹೋಗಿ ತಾಟೊಂದನ್ನು ತಂದಳು. ಅದರಲ್ಲಿ ಎರಡು ಕರಡಿಗೆಗಳಿದ್ದವು. ಒಂದೇ ಗಾತ್ರ, ಒಂದೇ ಆಕಾರ, ಎರಡೂ ಥಳಥಳ ಹೊಳೆಯುತ್ತಿದ್ದವು. ತಾಮ್ರದ ತಂತಿ ಯಾವುದಕ್ಕೂ ಇರಲಿಲ್ಲ.

"ಒಂದು ನಮ್ಮವ್ವಂದು. ಹೋದ ವರ್ಷ ತೀರ್ಕೊಂಡ್ರು. ನಾವಿಬ್ಬರು ಹೆಣ್ಮಕ್ಕಳು, ಇಬ್ಬರಿಗೂ ಅದೇ ಬೇಕು. ತಂಗಿ ನನ್ನ ಕೂಡ ಜಗಳಾಡಿ ಹೋದಳು. ಅದಕ್ಕ ಅಂಥಾದ್ದೇ ಇನ್ನೊಂದು ಹರಾಜಿನಾಗ ಹಿಡದೆ. ಹೋದ ವಾರ ಬಂದದ್ದು ಫೋಟೊದಾಗಿನಂಗ ಇರಲಿಲ್ಲ. ಆದ್ರ ಅವ್ವನ ಕರಡಿಗಿಗಿ ಜೋಡಿ ಆಗಂಗಿತ್ತು, ಖುಷಿಲೆ ಐದು ಸ್ಟಾರ್ ಕೊಟ್ಟೆ. ತಂತಿ ಚಂದ ಕಾಣಲಿಲ್ಲ. ಪತ್ತಾರಗ ಕೊಟ್ಟು ತೆಗೆಸಿ, ಕಿವಿಗಿ ಬೆಸುಗಿ ಹಾಕಿಸಿ, ಎರಡಕ್ಕೂ ಪಾಲಿಶ್ ಮಾಡ್ಸೇನಿ. ನಿನ್ನೆ ತಂದೆ. ಈಗ..." ಆಕೆಯ ದನಿ ತಗ್ಗಿತು. "ಈಗ ಯಾವುದು ಯಾವುದಂತ ನನಗೇ ತಿಳಿವಲ್ದು."

ದೌಲತರಾಯರು ಎರಡನ್ನೂ ಕೈಗೆತ್ತಿಕೊಂಡರು. ಬೆಳಕಿಗೆ ಹಿಡಿದರು, ತಿರುಗಿಸಿದರು, ತೂಗಿ ನೋಡಿದರು.

"ನೋಡಿ ಹೇಳ್ರಿ," ಎಂದಳು ವಿದ್ಯಾವತಿ. "ಆದ್ರ ಅಂದಾಜಿಲೆ ಹೇಳಬ್ಯಾಡ್ರಿ. ನೀವು ತಪ್ಪಿದ್ರ ನಮ್ಮವ್ವಂದು ನಿಮ್ಮ ಸಂಗಟ ಹೋಗ್ತದ. ಖಾತ್ರಿ ಇಲ್ಲಂದ್ರ ನಾ ಒಂದೂ ಕೊಡಂಗಿಲ್ಲ."

ದೌಲತರಾಯರು ಎರಡನ್ನೂ ತಾಟಿನಲ್ಲಿ ಮರಳಿ ಇಟ್ಟರು. ಒಂದು ಜನ್ಮ ಜೊತೆಯಲ್ಲಿ ಬಾಳಿದ ಹೆಂಡತಿಯ ಕೊರಳಲ್ಲಿದ್ದ ವಸ್ತು. ಅವರು ಅದನ್ನು ದಿನವೂ ನೋಡಿದ್ದರು, ಒಮ್ಮೆಯೂ ಮುಟ್ಟಿರಲಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಪದ್ಧತಿ ಅವರ ಮನೆಯಲ್ಲಿರಲಿಲ್ಲ. ಕರಡಿಗೆಗೂ ಅವರು ಕೈ ಹಚ್ಚಿದವರಲ್ಲ. ಅವರು ಅರಿತಿದ್ದದ್ದು ಆ ತಂತಿಯೊಂದನ್ನೇ. ತಂತಿ ಪತ್ತಾರನ ಕಸದಲ್ಲಿ ಹೋಗಿತ್ತು.

ಕಾಯಿಲೆಯ ಕೊನೆಯ ದಿನಗಳಲ್ಲಿ ಕಸ್ತೂರಿಬಾಯಿಯ ಬೆರಳುಗಳು ಮಡಚುತ್ತಿರಲಿಲ್ಲ. ಬೆಳಿಗ್ಗೆ ಪೂಜೆಯ ಹೊತ್ತಿಗೆ ಕರಡಿಗೆ ತೆರೆದು, ಲಿಂಗಕ್ಕೆ ತನ್ನ ಬೆರಳು ತಾಗದಂತೆ ಅದನ್ನು ಆಕೆಯ ಅಂಗೈಗೆ ಜಾರಿಸಿ, ಪೂಜೆ ಮುಗಿದ ಮೇಲೆ ಮತ್ತೆ ಮುಚ್ಚುತ್ತಿದ್ದವಳೊಬ್ಬಳಿದ್ದಳು. ದೌಲತರಾಯರು ಬಾಗಿಲ ಹೊರಗೆ ನಿಂತು ಅದನ್ನು ಕಂಡಿದ್ದರು. ಕಂಡು ಮರೆತಿದ್ದರು.

ಅವರು ಗೋಡೆಯನ್ನು ನೋಡಲಿಲ್ಲ. ಹೊಸ್ತಿಲ ಬಳಿ ಸೆರಗು ಹಿಡಿದು ಕುಳಿತಿದ್ದ ಸೊಸೆಯ ಕಡೆಗೆ ತಿರುಗಿದರು. 

"ಬಸವೇಶ್ವರೀ, ನನಗ ತಿಳಿಯಂಗಿಲ್ಲವ್ವಾ. ನೀ ನೋಡು."

ಆಕೆ ಬೆಚ್ಚಿ ತಲೆಯೆತ್ತಿದಳು. ಎದ್ದು ಬಂದಳು, ಆದರೆ ತಾಟಿಗೆ ಕೈ ಹಚ್ಚಲಿಲ್ಲ. ವಿದ್ಯಾವತಿಗೆ ಹೇಳಿದಳು:

"ಅಕ್ಕಾರೀ, ಮುಟ್ಟೂಕಿಂತ ಮೊದಲ ಹೇಳ್ತೇನಿ, ಆಮ್ಯಾಲ ನೀವೇ ನೋಡ್ರಿ. ನಮ್ಮ ಅತ್ತಿಯವರದು ಸುಮ್ಮ ತಿರುವಿದ್ರ ತೆಗಿಯಂಗಿಲ್ಲ. ಮುಚ್ಚಳಾ ಒತ್ತಿ ಹಿಡದು ತಿರುವಬೇಕು. ತೆಗೆದ ಮ್ಯಾಲ ಅಂಚಿನ ಒಳಗ ಒಂದು ಕಡೆ ಚೂರು ಎದ್ದದ, ಉಗುರಿಗಿ ಹತ್ತತದ. ಪಾಲಿಶ್ ಹೊರಗಷ್ಟೇ ಮಾಡಿದ್ರ ಅದು ಇರಬೇಕು."

ವಿದ್ಯಾವತಿ ಮೊದಲನೆಯದನ್ನು ತಿರುವಿದಳು. ಸಲೀಸಾಗಿ ತೆರೆಯಿತು. ಎರಡನೆಯದನ್ನು ತಿರುವಿದಳು, ಬರಲಿಲ್ಲ. ಜಗ್ಗಿದಳು, ಬರಲಿಲ್ಲ. ಹೆಬ್ಬೆರಳಿನಿಂದ ಒತ್ತಿ ತಿರುವಿದಳು. ಮುಚ್ಚಳ ಕಳಚಿತು. ಆಕೆ ಅಂಚಿನ ಒಳಗೆ ಉಗುರಾಡಿಸುತ್ತ ಹೋಗಿ ಒಂದೆಡೆ ನಿಂತಳು. ಆ ಕರಡಿಗೆಯನ್ನು ಬಸವೇಶ್ವರಿಯ ಕೈಗಿಟ್ಟು, ಮೊದಲನೆಯದನ್ನು ತನ್ನ ಎದೆಗೊತ್ತಿಕೊಂಡಳು.

"ನಂದೂ ಉಳಿಸಿಕೊಟ್ಟಿ ತಂಗೀ," ಎಂದಳು ಆಮೇಲೆ. "ಅವನ ಮ್ಯಾಲ ನಾ ಏನೂ ಬರಿಯಂಗಿಲ್ಲ. ಬಂದದ್ದು ಅವನ ಕಡಿಂದ ಚಲೋನೇ ಬಂದದ."

ಮರಳುವ ಬಸ್ಸಿನಲ್ಲಿ ಬಸವೇಶ್ವರಿ ವಸ್ತ್ರದಲ್ಲಿ ಕಟ್ಟಿದ ಕರಡಿಗೆಯನ್ನು ಮಾವನ ಕಡೆಗೆ ಚಾಚಿದಳು. ದೌಲತರಾಯರು ಕೈ ಮುಂದೆ ಮಾಡಲಿಲ್ಲ.

"ನಿನ್ನ ಹಂತ್ಯಾಕೇ ಇರಲಿ. ಅದರ ಕೀಲಿ ನಿನಗೇ ಗೊತ್ತು."

ಸ್ವಲ್ಪ ಹೊತ್ತಿಗೆ ಫೋನ್ ಮಿಣುಕಿತು. ಅದು ಮಸೂದನ ಸಂದೇಶವೇನೋ ಎಂದು ಇಬ್ಬರೂ ಬಗ್ಗಿ ನೋಡಿದರು. ಕಸ್ಟಮರ್ ಕೇರಿನದು: ನಿಮ್ಮ ದೂರಿನ ಪರಿಹಾರ ನಿಮಗೆ ಎಷ್ಟು ತೃಪ್ತಿ ತಂದಿತು?

"ಏನ್ ಒತ್ತಲಿ ಮಾವಾರೀ?"

"ಅದನ್ನ ಬಿಡು. ಆ ಹುಡುಗನ ಖಾತೆ ಏನಾಯ್ತು ಅಂತ ಮೊದಲ ಅವಗ ಫೋನ್ ಹಚ್ಚು," ಎಂದರು ದೌಲತರಾಯರು. "ಕಸ್ಟಮರ್ ಕೇರಿನ್ಯಾಂವ ಮತ್ತ ಸಂಗೀತ ಕೇಳಿಸಿದ್ರೂ ಕೇಳಿಸಲಿ, ನಾಳಿ ನಾವಿಬ್ಬರೂ ಕೂತು ಹೇಳೂನು, ಅವ ಕಳ್ಳ ಅಲ್ಲಂತ."

ಬಸವೇಶ್ವರಿ ಫೋನ್ ಕಿವಿಗಿಟ್ಟಳು. ಆಚೆ ಕಡೆ ಗಂಟೆ ಬಡಿಯತೊಡಗಿತು. ದೌಲತರಾಯರು ಸೊಸೆಯ ಮುಖವನ್ನೇ ನೋಡುತ್ತ ಕುಳಿತರು.