ಮೊದಲ ಮೆಟ್ಟಿಲ ಹಿತ್ತಾಳೆ ಮೊಳೆ

ನಕ್ಷೆಯ ಮೂಲೆ ಏಳುತ್ತದೆ, ಮಲಗುತ್ತದೆ, ಮತ್ತೆ ಏಳುತ್ತದೆ, ಫ್ಯಾನಿನ ಗಾಳಿ ಅಷ್ಟೇ, ಆದರೂ ಕಡಲಿರುವ ಮೂಲೆಯೇ ಏಕೆ ಹೀಗೆ ಉಸಿರಾಡಬೇಕು, ಅವಳು ಅದರ ಮೇಲೆ ಸ್ಟೇಪ್ಲರ್ ಇಟ್ಟಳು — ನಾಲ್ಕು ಗಂಟೆಗೆ ನಕ್ಷೆಯನ್ನು ಅಚ್ಚಿಗೆ ಒಯ್ಯಲು ಪ್ರೆಸ್ಸಿನವರು ಬರುತ್ತಾರೆ, ಅಷ್ಟರಲ್ಲಿ ಸಹಿ ಬೀಳಬೇಕು, ಸುನಾಮಿ ಬಂದರೆ ನೀರು ಎಲ್ಲಿಯವರೆಗೆ ಎಂದು ಹೇಳುವ ಈ ನೀಲಿ ಗೆರೆಗೆ ಎರಡು ವರ್ಷ ಹಿಡಿಯಿತು, ಗೆರೆ ಬಂದರು ದಾಟಿ, ಮಾರುಕಟ್ಟೆ ದಾಟಿ, ಅಕ್ಕ ಪಾಠ ಹೇಳುವ ಶಾಲೆಯ ಇಪ್ಪತ್ತೊಂದು ಮೆಟ್ಟಿಲು ಹತ್ತುತ್ತಾ ಅಂಗಳಕ್ಕೆ ಒಂದು ಗೇಣು ಇದೆ ಎನ್ನುವಾಗ ನಿಲ್ಲುತ್ತದೆ, ಹಾಗಾಗಿ ಶಾಲೆಗೆ ಹಸಿರು ಬಣ್ಣ, ಹಸಿರು ಎಂದರೆ ಇಲ್ಲಿಗೆ ಓಡಿ ಬನ್ನಿ, ಆರುನೂರು ಮಕ್ಕಳು ಕೂತಲ್ಲೇ ಕೂರಬಹುದು. ಒಂದು ಗೇಣು ಸಾಕಾ ಮೇಡಂ, ಕಚೇರಿಯ ಮುಖ್ಯಸ್ಥರು ಕೇಳಿದ್ದರು, ಸಾಕು ಸರ್, ಎಲ್ಲ ಅಳತೆಯೂ ನಮ್ಮಪ್ಪ ಹೊಡೆದ ಮೊಳೆಯಿಂದಲೇ ಅಂದಿದ್ದಳು, ಎಷ್ಟು ಜಂಬ — ಅಪ್ಪ ಸರ್ವೆಯವರು, ಆ ಶಾಲೆಯ ಮೊದಲ ಮೆಟ್ಟಿಲಲ್ಲಿ ಹಿತ್ತಾಳೆ ಮೊಳೆ ಕೂರಿಸಿ ಹಸಿ ಸಿಮೆಂಟು ಸವರಿ, ಎಂಥ ಉಬ್ಬರ ಬಂದರೂ ನೀರು ಇದಕ್ಕೆ ಎರಡು ಗೇಣು ಕೆಳಗೇ ಮಗಳೇ, ಊರೆಲ್ಲ ಅಲುಗಾಡಿದರೂ ಇದು ಅಲುಗಾಡಲ್ಲ, ಮುಟ್ಟಿ ನೋಡು, ಅಂದಿದ್ದರು, ಎಂಟು ವರ್ಷದ ಹೆಬ್ಬೆರಳಿಗೆ ಅದು ತಣ್ಣಗಿತ್ತು.

ಅಲುಗಾಡುವುದು ಬೇರೆ, ಇಳಿಯುವುದು ಬೇರೆ, ಕಡಲ ತಳ ನೆಲದ ಅಡಿಗೆ ನುಗ್ಗುತ್ತಾ ಕಚ್ಚಿಕೊಂಡು ಇನ್ನೂರು ವರ್ಷವಾಯಿತು, ಕಂಪನವಿಲ್ಲ, ಸದ್ದಿಲ್ಲ, ಆ ಮೌನಕ್ಕೇ ಅವಳು ಹೆದರುವುದು, ಕಚ್ಚಿಕೊಂಡದ್ದು ಸುಮ್ಮನಿರುವುದಿಲ್ಲ, ದಡವನ್ನು ಕೂದಲೆಳೆಯಷ್ಟಷ್ಟೇ ಕೆಳಗೆಳೆಯುತ್ತದೆ, ನೆಲದ ಎತ್ತರ ಅಳೆಯುವ ಬಂದರಿನ ಹೊಸ ಯಂತ್ರ ಹಾಗೇ ಹೇಳಿತು, ವರ್ಷಕ್ಕೆ ಅರ್ಧ ಬೆರಳಗಲ, ಅಲ್ಲಿಯದು ಸಡಿಲ ಮಣ್ಣು ಸರ್ ಎಂದು ಅವಳೇ ತಳ್ಳಿಹಾಕಿದಳು, ದೀಪದ ಬುಡದಲ್ಲೇ ಕತ್ತಲು, ಮೊಳೆಯನ್ನು ಅಳೆದವರು ಯಾರು, ತಿಂಗಳಿಗೊಮ್ಮೆ ನೋಡುತ್ತಿದ್ದಳಲ್ಲ, ಸದಾ ಹೊಸದರಂತೆ ಹೊಳೆಯುತ್ತಿತ್ತು. ಫೋನು ಕೈಗೆ ಬಂದದ್ದೇ ತಿಳಿಯಲಿಲ್ಲ, ಅಕ್ಕಾ, ಅಪ್ಪನ ಮೊಳೆ ಹೇಗಿದೆ, ಅಕ್ಕ ನಕ್ಕಳು, ಇದೇನೇ ಹೊತ್ತಲ್ಲದ ಹೊತ್ತಲ್ಲಿ, ಫಳಫಳ ಅಂತಿದೆ, ಹುಣ್ಣಿಮೆ ಅಮಾವಾಸ್ಯೆಗೆ ನಾನೇ ಹೋಗಿ ಒರೆಸ್ತೀನಲ್ಲ, ಹುಣ್ಣಿಮೆಗೆ ಯಾಕಕ್ಕಾ, ಉಬ್ಬರದ ಉಪ್ಪುನೀರು ಬರುತ್ತಲ್ಲೇ, ಮೂರು ವರ್ಷ ಆಯ್ತು, ಮೆಟ್ಟಿಲ ಮೇಲೆ ಸ್ವಲ್ಪ ನಿಂತು ಹೋಗುತ್ತೆ, ಬಿಟ್ರೆ ಹಿತ್ತಾಳೆ ಕಪ್ಪಾಗುತ್ತೆ, ನಂಗ್ಯಾಕೆ ಹೇಳ್ಲಿಲ್ಲ, ಹೇಳೋಕೇನಿದೆ, ಒರೆಸಿದ್ರೆ ಹೋಗುತ್ತೆ.

ಮೊಳೆ ಇಳಿದದ್ದು ಎರಡು ಗೇಣು, ಗೆರೆಗೂ ಅಂಗಳಕ್ಕೂ ನಡುವೆ ಉಳಿದಿದ್ದದ್ದು ಒಂದೇ ಗೇಣು, ಅಂಗಳ ನೀರಿನದು, ನೆಲ ಕಂಪಿಸಿದ ಇಪ್ಪತ್ತೆರಡು ನಿಮಿಷಕ್ಕೆ ಅಲೆ, ಅಷ್ಟರಲ್ಲಿ ಆರುನೂರು ಮಕ್ಕಳು ಗುಡ್ಡ ಹತ್ತಬೇಕು, ಆದರೆ ನಕ್ಷೆಯ ಹಸಿರು ಕಂಡು ಅಲ್ಲಿಯೇ ಕೂರುತ್ತಾರೆ, ಅಕ್ಕ ಬಾಗಿಲು ಹಾಕಿ ಹಾಜರಿ ಕರೆಯುತ್ತಾಳೆ — ಪ್ರೆಸ್ಸಿನವರು ಬಂದ್ರು ಮೇಡಂ, ಸಹಿ, ಇಲ್ಲ ಸರ್, ಈ ನಕ್ಷೆ ಹೋಗಬಾರದು, ನಮ್ಮಪ್ಪನ ಮೊಳೆ ಇಳಿದಿದೆ, ಮುಖ್ಯಸ್ಥರು ಏನೋ ಕೇಳುತ್ತಿದ್ದಾರೆ, ಫೋನಿನಲ್ಲಿ ಅಕ್ಕ, ಇರೇ, ಇವತ್ತೂ ಹುಣ್ಣಿಮೆ, ಬಟ್ಟೆ ತಗೊಂಡು ಹೋಗ್ತೀನಿ, ಒರೆಸಬೇಡ ಅಕ್ಕಾ, ಒರೆಸಬೇಡ, ಆದರೆ ಅವಳ ಕಣ್ಣ ಮುಂದೆ ಅಕ್ಕನ ಕೈ ಆಗಲೇ ಒರೆಸುತ್ತಿದೆ, ನೀರು ಬರುತ್ತದೆ, ಕೈ ಒರೆಸುತ್ತದೆ, ನೀರು ಬರುತ್ತದೆ, ಹೆಬ್ಬೆರಳಿಗೆ ತಣ್ಣಗೆ, ನೀರಿನ ಅಡಿಯಲ್ಲಿ ಹೊಳೆಯುತ್ತಾ, ಮೊಳೆ